"ಮಾರೋವರೆಗೆ ಖಾಲಿ ಇಡಿ" ಅನ್ನೋ ಏಜೆಂಟ್ ಕೈಗೆ ಫ್ಲ್ಯಾಟ್ ಕೀ ಕೊಡಬೇಡಿ

ಹೊಸಕೋಟೆ ಕಡೆ ಫ್ಲ್ಯಾಟ್ ತಗೊಂಡವರು, ತಗೊಳ್ಳೋಕೆ ಹೊರಟವರು ದಯವಿಟ್ಟು ಓದಿ. ಬರೆಯುವಾಗಲೂ ಮೈ ಉರಿಯುತ್ತಿದೆ.

70 ಲಕ್ಷದ ಎರಡು ಬೆಡ್‌ರೂಮಿನ ಮನೆ. ಕೀ ಕೈಗೆ ಬರುತ್ತಿದ್ದಂತೆ ಬಾಡಿಗೆಗೆ ಒಳ್ಳೆ ಕುಟುಂಬವೊಂದು ಕೇಳಿತ್ತು. ತಿಂಗಳಿಗೆ 22,000. ಮನೆ ಕೊಡಿಸಿದ ಏಜೆಂಟೇ ತಡೆದರು. "ಬಾಡಿಗೆಗೆ ಕೊಟ್ರೆ ಮನೆ ಹಳೇದಾಗುತ್ತೆ ಸಾರ್. ಗೋಡೆ ತುಂಬಾ ಮೊಳೆ ಹೊಡೀತಾರೆ, ಮನೆ ಬಿಡಿ ಅಂದ್ರೆ ಬಿಡಲ್ಲ. ಖಾಲಿ ಇಡಿ, ಕೀ ನನ್ನ ಹತ್ರ ಇರ್ಲಿ. 85ಕ್ಕೆ ಮಾರಿಸಿ ಕೊಡ್ತೀನಿ."

ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ. "ಪಾರ್ಟಿ ನೋಡ್ಕೊಂಡು ಹೋದ್ರು ಸಾರ್, ಯೋಚಿಸ್ತಿದ್ದಾರೆ." ಇತ್ತ ಇಎಂಐ ಕಟ್ಟು, ಮೇಂಟೆನೆನ್ಸ್ ಕಟ್ಟು.

ಒಂದು ಭಾನುವಾರ ಹೇಳದೆ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಕೇಳಿದರು, "ಸ್ಯಾಂಪಲ್ ಫ್ಲ್ಯಾಟ್ ನೋಡೋಕಾ ಸಾರ್?" ನಂಬರ್ ಹೇಳಿದರು. ನನ್ನ ಮನೆ! ನನ್ನ ಮನೆ ಸ್ಯಾಂಪಲ್ ಫ್ಲ್ಯಾಟ್! ಒಳಗೆ ಅಡುಗೆ ಕಟ್ಟೆ ಮೇಲೆ ಬಿಲ್ಡರ್‌ನ ಎರಡನೇ ಫೇಸ್‌ನ ಬ್ರೋಷರ್ ಕಟ್ಟು. ಬೆಲೆ 66 ಲಕ್ಷದಿಂದ ಶುರು. ನನ್ನ ಮನೆ ತೋರಿಸಿ ಬಿಲ್ಡರ್ ಮನೆ ಮಾರುತ್ತಿದ್ದರು. ಬಂದವರೆಲ್ಲ ಚಪ್ಪಲಿ ಹಾಕಿಕೊಂಡೇ ಓಡಾಡಿದ್ದಾರೆ, ದೇವರ ಮನೆಯಲ್ಲೂ. "ಇದು ನನ್ನದೇ ಮನೆ" ಅಂತ ಗೇಟಿನಲ್ಲಿ ಹೇಳುವಾಗ ತಲೆ ಎತ್ತೋಕಾಗಲಿಲ್ಲ.

ಫೋನ್ ಮಾಡಿದರೆ, "ನಿಮ್ಮದನ್ನೂ ತೋರಿಸ್ತಿದ್ದೀನಲ್ಲ ಸಾರ್." ಹೋದ ಬಾಡಿಗೆ ಯಾರು ಕೊಡ್ತಾರೆ ಅಂದರೆ, "ಬಾಡಿಗೆಗೆ ಕೊಡ್ಬೇಡಿ ಅಂತ ನಾನೇನು ಬರೆದುಕೊಟ್ಟಿದ್ನಾ?" ಕೊನೆಗೆ, "65ಕ್ಕೆ ಬಿಡಿ, ನಾಳೇನೇ ಪಾರ್ಟಿ ತರ್ತೀನಿ." 65ಕ್ಕೆ!

ಆ 85ರ ಲೆಕ್ಕವೂ ಪೂರ್ತಿ ಅಲ್ಲ. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಅಂತ ನನಗೆ ಹೆಚ್ಚುಕಡಿಮೆ ಶೇ 6.6 ಮೊದಲೇ ಹೋಗಿದೆ. ಅದೇ 4.6 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಈಗ ಕೊಳ್ಳುವವರಿಗೆ ಇನ್ನೂ ಜಾಸ್ತಿ. 24 ತಿಂಗಳೊಳಗೆ ಮಾರಿದರೆ ಲಾಭವೆಲ್ಲ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಆಮೇಲಾದರೆ ಶೇ 12.5. ಇದರಲ್ಲಿ ಒಂದನ್ನೂ ಆ ಮನುಷ್ಯ ಬಾಯಿಬಿಡಲಿಲ್ಲ.

ಮಾರುವ ಮನಸ್ಸಿದ್ದರೂ ಬಾಡಿಗೆಗೆ ಕೊಟ್ಟಿರಿ. ಕೊಳ್ಳುವವರಿಗೆ ಮನೆ ತೋರಿಸಲು ಒಪ್ಪಿಗೆ, ಖಾಲಿ ಮಾಡಲು ಎರಡು ತಿಂಗಳ ನೋಟಿಸ್, ಇವೆರಡನ್ನೂ 11 ತಿಂಗಳ ಕರಾರಿನಲ್ಲೇ ಬರೆಸಿ. ಬಿಲ್ಡರ್ ಹತ್ತಿರ ಮಾರದ ಫ್ಲ್ಯಾಟ್ ಇರುವಾಗ ಅವರ ಕಮಿಷನ್ ತಿನ್ನೋ ಏಜೆಂಟ್ ನಿಮ್ಮ ಮನೆ ಮಾರಲ್ಲ. ಕೀ ಅಂತೂ ಕೊಡಲೇಬೇಡಿ. ಕೊಟ್ಟಿದ್ದರೆ ಇವತ್ತೇ ಹೋಗಿ ನೋಡಿ, ಹೇಳದೆ ಹೋಗಿ.