ಮೂರನೇ ಬ್ರಷ್‌ಗೆ ಬುದ್ಧಿ ಬಂತು: 1,400 ರೂಪಾಯಿಯ ಹಾಟ್ ಏರ್ ಬ್ರಷ್

ಮೊದಲೇ ಹೇಳಿಬಿಡುತ್ತೇನೆ, ಕೂದಲು ಒಣಗಿಸುತ್ತಲೇ ಸೆಟ್ ಮಾಡುವ ಈ ಬ್ರಷ್ ನನ್ನ ಮೂರನೆಯದು. ಮೊದಲಿನ ಎರಡೂ ಕೈಕೊಟ್ಟವು, ಎರಡರಲ್ಲೂ ತಪ್ಪು ನನ್ನದೇ.

ಮೊದಲನೆಯದು ಆನ್‌ಲೈನ್ ಸೇಲ್‌ನಲ್ಲಿ 700 ರೂಪಾಯಿಗೆ ಸಿಕ್ಕಿತು. ಹೆಸರಲ್ಲಿ ‘ಹಾಟ್ ಬ್ರಷ್’ ಅಂತ ಇತ್ತು, ಅಷ್ಟು ನೋಡಿ ತೆಗೆದುಕೊಂಡೆ. ಮನೆಗೆ ಬಂದ ಮೇಲೆ ನೋಡಿದರೆ ಗಾಳಿಯೇ ಬರುವುದಿಲ್ಲ! ಅದು ಬರೀ ಬಿಸಿಯಾಗುವ ಬಾಚಣಿಗೆ, ಪೂರ್ತಿ ಒಣಗಿದ ಕೂದಲನ್ನು ನೇರ ಮಾಡುವುದಕ್ಕೆ. ಒದ್ದೆ ಕೂದಲಿಗೆ ಇಟ್ಟರೆ ದೋಸೆ ಕಾವಲಿ ಥರ ಚುಂಯ್ ಅನ್ನುತ್ತದೆ. ಹಾಟ್ ಏರ್ ಬ್ರಷ್ ಅಂದರೆ ಒಳಗೆ ಫ್ಯಾನ್ ಇರಬೇಕು, ಹಲ್ಲುಗಳ ನಡುವಿನ ತೂತುಗಳಿಂದ ಬಿಸಿಗಾಳಿ ಬರಬೇಕು.

ಎರಡನೆಯದು ಚಿಕ್ಕಪ್ಪನ ಮಗಳು ಅಮೆರಿಕದಿಂದ ತಂದುಕೊಟ್ಟದ್ದು. ಪಿನ್ ಹೊಂದಲಿಲ್ಲ ಅಂತ ಅಡಾಪ್ಟರ್ ಸಿಕ್ಕಿಸಿ ಆನ್ ಮಾಡಿದೆ. ವಿಮಾನ ಏರಿದ ಹಾಗೆ ಸದ್ದು, ಸುಟ್ಟ ವಾಸನೆ, ಮುಗೀತು. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ಪಾಪ, ಅವಳಿಗೆ ಇವತ್ತಿಗೂ ವಿಷಯ ಹೇಳಿಲ್ಲ.

ಈಗಿನದು ಅಂಗಡಿಗೇ ಹೋಗಿ ತಂದದ್ದು, 1,200 ವಾಟ್, ಸ್ವಿಚ್‌ನಲ್ಲಿ ಹೈ, ಲೋ, ಕೂಲ್ ಮೂರೂ ಇವೆ. ಡೈಸನ್ ಏರ್‌ವ್ರ್ಯಾಪ್ ಅನ್ನುವ ದುಬಾರಿ ಹೇರ್ ಸ್ಟೈಲರ್ ನೋಡಿ ಆಸೆಯಾಗಿತ್ತು, ಆದರೆ ಆ ಬೆಲೆಗೆ ನಮ್ಮ ಮನೆಗೆ ಹೊಸ ಫ್ರಿಜ್ಜೇ ಬರುತ್ತದೆ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಆನ್ ಮಾಡಿಸಿ, ಎರಡು ನಿಮಿಷ ಕೈ ಮೇಲೆತ್ತಿ ಹಿಡಿದು ನೋಡಿದೆ. ಹಗುರ ಅನಿಸಿದ್ದೂ ತಲೆಯ ಹಿಂಭಾಗಕ್ಕೆ ಬರುವಷ್ಟರಲ್ಲಿ ಭಾರ ಆಗುತ್ತದೆ, ಅದು ಬಾಕ್ಸ್ ಓದಿದರೆ ಗೊತ್ತಾಗುವುದಿಲ್ಲ. ಬ್ರಷ್‌ನ ದಪ್ಪವನ್ನೂ ನೋಡಿ: ಕೂದಲು ಕುತ್ತಿಗೆವರೆಗೆ ಮಾತ್ರ ಇದ್ದರೆ ದಪ್ಪ ಬ್ರಷ್‌ಗೆ ಒಂದು ಸುತ್ತೂ ಬರುವುದಿಲ್ಲ.

ಕೆಲಸ ಹೇಗೆ ಅಂದರೆ, ಚೆನ್ನಾಗಿದೆ, ಆದರೆ ತಲೆ ಸ್ನಾನ ಮಾಡಿ ಬಂದ ತಕ್ಷಣ ಹಿಡಿದರೆ ಬೇಜಾರಾಗುತ್ತದೆ. ನನ್ನದು ಬೆನ್ನು ಮಧ್ಯದವರೆಗಿನ ದಪ್ಪ ಕೂದಲು. ಮೊದಲ ದಿನ ತೊಟ್ಟಿಕ್ಕುವ ಕೂದಲಿಗೆ ಹಿಡಿದು ಮುಕ್ಕಾಲು ಗಂಟೆ ನಿಂತೆ, ಕೈ ಬಿದ್ದುಹೋಯಿತು. ಈಗ ಟವೆಲ್ ಸುತ್ತಿ, ಆಮೇಲೆ ಫ್ಯಾನ್ ಕೆಳಗೆ ಕೂತು ಕಾಫಿ ಕುಡಿದು, ಮುಕ್ಕಾಲು ಪಾಲು ಒಣಗಿದ ಮೇಲೆ ಸಿಕ್ಕು ಬಿಡಿಸಿ ಶುರು ಮಾಡುತ್ತೇನೆ, 15 ನಿಮಿಷ ಸಾಕು. ತುದಿಯನ್ನು ಬ್ರಷ್‌ಗೆ ಸುತ್ತಿ, ಹತ್ತು ಎಣಿಸಿ, ಕೂಲ್‌ಗೆ ಹಾಕಿ ಇನ್ನೊಂದೈದು ಎಣಿಸಿ, ಆಮೇಲೆ ಬಿಡಬೇಕು. ಒದ್ದೆ ಕೂದಲು ಹೇಳಿದ ಹಾಗೆ ಕೇಳುತ್ತದೆ, ಒಣಗಿ ತಣ್ಣಗಾಗುವಾಗ ಯಾವ ಆಕಾರದಲ್ಲಿತ್ತೋ ಅದರಲ್ಲೇ ಕೂರುತ್ತದೆ. ಅದಕ್ಕೇ ಕೂಲ್ ಇಲ್ಲದ ಬ್ರಷ್ ಬೇಡವೇ ಬೇಡ.

ಎಣ್ಣೆ ತಲೆಗೆ ಮಾತ್ರ ಹಿಡಿಯಬೇಡಿ, ಗಬ್ಬು ವಾಸನೆ. ನಮ್ಮತ್ತೆ ಮೊದಲ ಸಲ ನೋಡಿ “ಇಸ್ತ್ರಿ ಪೆಟ್ಟಿಗೆ ಈಗ ತಲೆಗೂ ಬಂತಾ?” ಅಂದಿದ್ದರು.

ಸೆಟ್ ಮಾಡಿದ ಕೂದಲು ಬೆಂಗಳೂರಲ್ಲಿ ಸಂಜೆವರೆಗೂ ನಿಲ್ಲುತ್ತದೆ. ಮಂಗಳೂರಿನ ಮದುವೆಯಲ್ಲಿ ಊಟಕ್ಕೆ ಕೂರುವಷ್ಟರಲ್ಲಿ ಎಲ್ಲ ಇಳಿದು ಜಡೆ ಹಾಕಿಕೊಂಡೆ, ಆ ಸೆಖೆಗೆ ಯಾವ ಬ್ರಷ್ ಏನು ಮಾಡೀತು, ಅಲ್ವಾ?

ಕರೆಂಟ್ ಬಗ್ಗೆ ಹೆದರಿಕೆ ಬೇಡ. 15 ನಿಮಿಷ ಹೈನಲ್ಲೇ ಓಡಿಸಿದರೂ 0.3 ಯೂನಿಟ್, ಮಾಮೂಲಿ 6 ಆಂಪ್ ಸಾಕೆಟ್ ಸಾಕು. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಹಾಕಬೇಡಿ, ಒಮ್ಮೆ ಹಾಕಿ ಮನೆಯೆಲ್ಲ ಕತ್ತಲು ಮಾಡಿದ್ದೇನೆ. ಗಾಳಿ ಎಳೆಯುವ ಜಾಲರಿಗೆ ಉದುರಿದ ಕೂದಲು ಅಂಟುತ್ತದೆ, ವಾರಕ್ಕೊಮ್ಮೆ ಹಳೆ ಟೂತ್‌ಬ್ರಷ್‌ನಿಂದ ತೆಗೆಯಬೇಕು.

ನನ್ನ ದೊಡ್ಡ ತಕರಾರು ಒಂದೇ. ಸ್ವಿಚ್ ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲೇ ಇದೆ, ಬೈತಲೆ ಹತ್ತಿರ ಬಂದಾಗ ಕೈ ತಾಗಿ ಲೋನಿಂದ ಹೈಗೆ ಜಿಗಿದು ನೆತ್ತಿ ಚುರ್ ಅನ್ನುತ್ತದೆ. ಸದ್ಯಕ್ಕೆ ಅದರ ಮೇಲೆ ಹಾಲಿನ ಪ್ಯಾಕೆಟ್‌ಗೆ ಹಾಕುವ ಎರಡು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ.