ಮೊದಲ ಗಿಟಾರ್: ಉಕ್ಕಿನ ತಂತಿಯೋ, ನೈಲಾನೋ?

ಹಾಡಿನ ಜೊತೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುವ ಆಸೆಯಿದ್ದರೆ ಉಕ್ಕಿನ ತಂತಿಯ ಅಕೂಸ್ಟಿಕ್. ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಬೇಕೆಂದಿದ್ದರೆ ನೈಲಾನ್ ತಂತಿಯ ಕ್ಲಾಸಿಕಲ್. ನೈಲಾನ್ ಬೆರಳಿಗೆ ಮೆತ್ತಗೆ, ಆದರೆ ಕತ್ತು ಅಗಲ: ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬಳಿ ಸುಮಾರು 52 ಮಿ.ಮೀ. ಅಕೂಸ್ಟಿಕ್‌ನದು 43ರ ಆಸುಪಾಸು, ಸಣ್ಣ ಕೈಗೆ ಹಿತ. ಬೆರಳ ತುದಿ ಮಾತ್ರ ಕೆಲವು ವಾರ ಉರಿಯುತ್ತದೆ.

ಯಾವುದೇ ಆಗಲಿ, 12ನೇ ಫ್ರೆಟ್‌ನ (ಕತ್ತಿನ ಅಡ್ಡ ಲೋಹದ ಪಟ್ಟಿಯ) ಮೇಲೆ ತಂತಿಯ ಎತ್ತರ ಅಳೆದೇ ಕೊಳ್ಳಿ. ಅತಿ ದಪ್ಪ ತಂತಿಯ ಎತ್ತರ ಅಕೂಸ್ಟಿಕ್‌ನಲ್ಲಿ 3, ಕ್ಲಾಸಿಕಲ್‌ನಲ್ಲಿ 4 ಮಿ.ಮೀ. ದಾಟಿದ್ದರೆ ಕಲಿಯುವವರಿಗೆ ಒತ್ತುವುದೇ ಕಷ್ಟ. ಕಾಸರಗೋಡಿನ ಆಟಿ ತಿಂಗಳ ಮಳೆಯ ತೇವಕ್ಕೆ ಮರ ಉಬ್ಬಿ ಈ ಎತ್ತರ ಇನ್ನೂ ಏರುತ್ತದೆ, ಉಕ್ಕಿನ ತಂತಿಗೆ ತುಕ್ಕೂ ಹಿಡಿಯುತ್ತದೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಮೊದಲ ಗಿಟಾರಿಗೆ ಇಡೀ ಮರದ ಹಲಗೆಗಿಂತ ಪದರ ಅಂಟಿಸಿದ ಮೇಲ್ಹಲಗೆಯೇ ವಾಸಿ. ಕ್ಲಾಸಿಕಲ್‌ಗೆ ಉಕ್ಕಿನ ತಂತಿ ಎಂದೂ ಕಟ್ಟಬೇಡಿ. ಬಿಗಿತ ತಾಳದೆ ಬ್ರಿಡ್ಜ್ (ಮೇಲ್ಹಲಗೆಯಲ್ಲಿ ತಂತಿ ಕಟ್ಟುವ ಪಟ್ಟಿ) ಕಿತ್ತು ಬರುತ್ತದೆ.