ಹಳೇ ಓಮ್ನಿಗೆ ಹಾಕಿದ ಟ್ಯಾಪೆಟ್ ಪ್ಯಾಕಿಂಗ್ ಮತ್ತು ಲೀಕ್ ನಿಲ್ಲಿಸುವ ಬಾಟಲಿ: ಎರಡು ವರ್ಷದ ಬಳಕೆಯ ನಂತರ

ನಮ್ಮದು 2009ರ ಮಾರುತಿ ಓಮ್ನಿ. 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಅಣ್ಣಿಗೇರಿಯ ನಮ್ಮ ಕಿರಾಣಿ ಅಂಗಡಿಗೆ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಿಂದ ಬೇಳೆ, ಬೆಲ್ಲ ಎಲ್ಲಾ ಬರುವುದು ಇದರಲ್ಲೇ. ಈ ಗಾಡಿಯ ಮೇಲೆ ನನಗೆ ಬಹಳ ಪ್ರೀತಿ. 2019ರಲ್ಲಿ ಓಮ್ನಿ ಬರುವುದೇ ನಿಂತಿತು, ಹಾಗಾಗಿ ಇರುವುದನ್ನೇ ಜೋಪಾನ ಮಾಡಬೇಕು.

ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆಯಲ್ಲ, ಆಯಿಲ್ ಸೋರಿದರೆ ಮೊದಲು ಮೂಗಿಗೇ ಗೊತ್ತಾಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದ ಆಯಿಲ್ ಸುಟ್ಟು ವಾಸನೆ ಬರುತ್ತದೆ. ಇದನ್ನು ಸುಮ್ನೆ ಬಿಡಬಾರದು, ಬೆಂಕಿ ಹತ್ತುವ ಅಪಾಯವೂ ಇದೆ.

ನಮ್ಮ ಗಾಡಿಯೂ ಹೀಗೆ ಸೋರಿದಾಗ ಮಿಸ್ತ್ರಿಗೆ ತೋರಿಸಿದೆ. ಒಳ್ಳೇ ಕೆಲಸಗಾರ. "ಈಗ್ಲೇ ಏನೂ ಬಿಚ್ಚೂದು ಬ್ಯಾಡ್ರಿ ಅಣ್ಣಾರ, ಮೊದ್ಲ ತೊಳದು ನೋಡೂಣ್ರಿ" ಅಂದ. ಇದು ದೊಡ್ಡ ಮಾತು. ನಮ್ಮ ಕಡೆಯ ಎರೆಮಣ್ಣಿನ ಧೂಳು ಆಯಿಲ್‌ಗೆ ಹತ್ತಿ ಎಂಜಿನ್ ಪೂರಾ ಕರ್ರಗೆ ಮೆತ್ತಿಕೊಂಡಿರುತ್ತದೆ. ಮೇಲಿಂದ ಸೋರಿದ ಆಯಿಲ್ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹನಿ ಬೀಳುವುದು ಚೇಂಬರ್ (ಎಂಜಿನ್ ತಳದ ಆಯಿಲ್ ತಟ್ಟೆ) ಹತ್ತಿರ, ಆದರೆ ತಪ್ಪು ಚೇಂಬರಿನದ್ದೇ ಆಗಿರಬೇಕಿಲ್ಲ. ಬ್ರಷ್ ಹಿಡಿದು ಡೀಸೆಲ್‌ನಲ್ಲಿ ತೊಳೆದು, ಪೂರಾ ಒಣಗಿಸಿ, ಅನುಮಾನ ಇದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬಂದೆವು. ಟಾರ್ಚ್ ಹಿಡಿದರೆ ಬಿಳಿ ಪೌಡರಿನಲ್ಲಿ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ ತಲೆಯ ಮುಚ್ಚಳದ, ಅಂಚಿನಿಂದ ಒಂದು ಕಂದು ಗೆರೆ ಇಳಿದಿತ್ತು. ಹಿಂದೆ ಗೇರ್‌ಬಾಕ್ಸ್ ಕೂಡುವ ಕಡೆ ಇನ್ನೊಂದು ಸಣ್ಣ ಒದ್ದೆ.

ಕವರ್ ಬಿಚ್ಚಿ ಅದರ ಅಂಚಿಗೆ ಕೂತ ಹಳೇ ರಬ್ಬರ್ ಪ್ಯಾಕಿಂಗ್ ಬಗ್ಗಿಸಿದರೆ ಕಡಕ್ ರೊಟ್ಟಿಯ ಹಾಗೆ ಕಟ್ ಅಂತ ಮುರಿಯಿತು. ರಬ್ಬರ್ ವರ್ಷಗಟ್ಟಲೆ ಬಿಸಿ ಕುಡಿದರೆ ಹಾಗೇ ಆಗುವುದು. ಹೊಸದಕ್ಕೆ ಮಾರುತಿ ಜೆನ್ಯೂನ್ ಪ್ಯಾಕಿಂಗನ್ನೇ ತಂದೆ. ಅದರ ದುಡ್ಡಿಗಿಂತ ಕೂಲಿಯೇ ಜಾಸ್ತಿ, ಅಂಥದ್ದರಲ್ಲಿ ಕಡಿಮೆ ರೇಟಿನದ್ದು ಯಾಕೆ? ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಬೋಲ್ಟನ್ನು ಜೋರಾಗಿ ಬಿಗಿಸಲು ಬಿಡಬೇಡಿ, ಪ್ಯಾಕಿಂಗ್ ಹಿಂಡಿ ಹೊರಗೆ ಬರುತ್ತದೆ. ಸಿಲಿಕಾನ್ ಪೇಸ್ಟನ್ನೂ ದಪ್ಪಗೆ ಮೆತ್ತಿಸಬೇಡಿ. ಒಳಗೆ ಉದುರಿದ ತುಣುಕು ಹೋಗಿ ಆಯಿಲ್ ಪಂಪಿನ ಜಾಲರಿಗೆ ಕೂತರೆ ಎಂಜಿನ್‌ಗೇ ಕುತ್ತು.

ಅದೇ ದಿನ ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪನ್ನೂ ಕ್ಲೀನ್ ಮಾಡಿಸಿದೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ, ಎಲ್ಲಿ ಸಂದಿ ಸಿಗುತ್ತದೋ ಅಲ್ಲಿಂದ ಆಯಿಲನ್ನು ಹೊರಗೆ ದಬ್ಬುತ್ತದೆ. ಇದನ್ನು ಬಿಟ್ಟು ಎಷ್ಟು ಪ್ಯಾಕಿಂಗ್ ಹಾಕಿದರೂ ಉಪಯೋಗವಿಲ್ಲ. ಎರಡು ವರ್ಷದ ಮೇಲಾಯಿತು, ಕವರಿನ ಅಂಚು ಇವತ್ತಿಗೂ ಒಣಗಿಯೇ ಇದೆ. ಇದಕ್ಕೆ ಐದಕ್ಕೆ ಐದು.

ಹಿಂದಿನ ಒದ್ದೆ ಕ್ರ್ಯಾಂಕ್ ಸೀಲಿನದು, ಅಂದರೆ ಎಂಜಿನ್ನಿನ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಯದು. ಸೀಲ್ ಬೆಲೆ ಸಣ್ಣದು, ಆದರೆ ಗೇರ್‌ಬಾಕ್ಸ್ ಇಳಿಸಬೇಕು. ಮುಂದೆ ಕ್ಲಚ್ ಪ್ಲೇಟ್ ಬದಲಿಸುವಾಗ ಹೇಗೂ ಇಳಿಸಬೇಕಲ್ವಾ, ಆಗಲೇ ಮಾಡಿಸೋಣ ಅಂತ ಅಲ್ಲಿಯ ತನಕ ಎಂಜಿನ್ ಆಯಿಲ್‌ಗೆ ಬೆರೆಸುವ, ಲೀಕ್ ನಿಲ್ಲಿಸುವ ಬಾಟಲಿ ಬಳಸಿದೆ. ಇದು ತೂತು ಮುಚ್ಚುವ ಅಂಟಲ್ಲ. ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ಹಾಕಿದ ತಕ್ಷಣ ಏನೂ ಬದಲಾಗಲಿಲ್ಲ. ಕೆಲವು ವಾರ ಓಡಿಸಿದ ಮೇಲೆ ಹನಿ ಕಡಿಮೆಯಾಯಿತು, ಪೂರಾ ನಿಲ್ಲಲಿಲ್ಲ. ಆಯಿಲ್ ಬದಲಿಸಿದಾಗ ಮತ್ತೆ ಹಾಕಬೇಕು. ಹರಿದ ಸೀಲಿಗೆ, ಪೇಪರ್ ಪ್ಯಾಕಿಂಗಿಗೆ ಇದು ಕೆಲಸಕ್ಕೆ ಬಾರದು. ಬಾಟಲಿ ಮೇಲೆ ಬರೆದ ಅಳತೆ ಮೀರಿ ಸುರಿದರೆ ಚೆನ್ನಾಗಿರುವ ಸೀಲೂ ಹಾಳು. ಐದರಲ್ಲಿ ಎರಡೂವರೆ ಕೊಡುತ್ತೇನೆ.

ಬಾಟಲಿ ಹಾಕಿದರೂ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡುವುದು ತಪ್ಪಿಸಬೇಡಿ. ನಾನು ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಸಪಾಟು ಜಾಗದಲ್ಲಿ ನಿಲ್ಲಿಸಿ ನೋಡುತ್ತೇನೆ. ಓಡುವಾಗ ಆಯಿಲ್ ಪ್ರೆಶರ್ ಲೈಟ್ ಹತ್ತಿದರೆ ಊರು ಹತ್ತಿರವಿದೆ ಅಂತ ಎಳೆಯಬೇಡಿ, ಅಲ್ಲೇ ಆಫ್ ಮಾಡಿ.

ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಓಡಿಸುವ ಪಟ್ಟಿ) ಕವರ್ ಕಡೆ ಒದ್ದೆ ಕಂಡರಂತೂ ಬಾಟಲಿಯ ಮಾತೇ ಬೇಡ. ಆಯಿಲ್ ತಗುಲಿದ ಬೆಲ್ಟ್ ಮೆತ್ತಗಾಗಿ ದಾರಿಯಲ್ಲೇ ಕೈಕೊಡುತ್ತದೆ. ಅಲ್ಲಿ ಎಂಜಿನ್ ಮುಂಭಾಗದ ಸೀಲ್ ಹಾಕಿಸಿ, ಜೊತೆಗೆ ಬೆಲ್ಟನ್ನೂ ಹೊಸದು ಹಾಕಿಸಿಕೊಳ್ಳಿ.